ಶ್ರುತಿ ನೋಡಿ ಇಕ್ಯೂ ಮಾಡಿ: ಸುಗಮ ಸಂಗೀತದ ಮಿಕ್ಸಿಂಗ್‌ನಲ್ಲಿ ಒಂದೊಂದು ವಾದ್ಯಕ್ಕೂ ಜಾಗ ಮಾಡಿಕೊಡುವುದು

ಮನೆಯಲ್ಲೇ ಭಾವಗೀತೆ, ದೇವರನಾಮ ರೆಕಾರ್ಡ್ ಮಾಡಿ ತಾವೇ ಮಿಕ್ಸ್ ಮಾಡುವವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಗಾಯನಕ್ಕೆ ಇಕ್ಯೂ (ಈಕ್ವಲೈಜರ್, ಅಂದರೆ ಶಬ್ದದ ಕೆಳಗಿನ, ನಡುವಿನ, ಮೇಲಿನ ಭಾಗಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ) ಎಷ್ಟಿಡಬೇಕು, ತಬಲಾಕ್ಕೆ ಎಷ್ಟು, ಕೊಳಲಿಗೆ ಎಷ್ಟು? ನೆಟ್‌ನಲ್ಲಿ ಸಿಗುವ ಚಾರ್ಟುಗಳು ಬಹುಪಾಲು ಡ್ರಮ್ ಕಿಟ್, ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಂಡು ಬರೆದವು. ಆ ಅಂಕಿಗಳನ್ನು ತಬಲಾಕ್ಕೋ ಹಾರ್ಮೋನಿಯಂಗೋ ತಂದು ಕೂರಿಸಿದರೆ ಅರ್ಧ ಸರಿಹೋಗುತ್ತದೆ, ಅರ್ಧ ಕೆಡುತ್ತದೆ. ನಮ್ಮ ಸುಗಮ ಸಂಗೀತದಲ್ಲಿ ಎಲ್ಲ ವಾದ್ಯಗಳೂ ಒಂದೇ ಷಡ್ಜಕ್ಕೆ ಕೂತಿರುತ್ತವೆ, ಹಾಡು ಮತ್ತೆ ಮತ್ತೆ ಅದೇ ಸ್ವರಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ಇಲ್ಲಿ ಇಕ್ಯೂ ಅಂಕಿಗಳನ್ನು ಹಾಡಿನ ಶ್ರುತಿಯಿಂದಲೇ ಲೆಕ್ಕ ಹಾಕುತ್ತೇವೆ.

ಉದಾಹರಣೆಗೆ ಇಟ್ಟುಕೊಂಡಿರುವ ಮೇಳ ಇಷ್ಟು: ಒಬ್ಬರ ಗಾಯನ, ತಬಲಾ, ಬೇಸ್ ಗಿಟಾರ್, ಅಕೌಸ್ಟಿಕ್ ಗಿಟಾರ್, ಕೊಳಲು, ಹಾರ್ಮೋನಿಯಂ, ಕೀಬೋರ್ಡಿನ ಸ್ಟ್ರಿಂಗ್ಸ್, ಹಿಂದೆ ಎಲೆಕ್ಟ್ರಾನಿಕ್ ತಂಬೂರಿ.

ಏನೇನು ಬೇಕು

ಯಾವ ರೆಕಾರ್ಡಿಂಗ್ ಸಾಫ್ಟ್‌ವೇರ್ ಆದರೂ ನಡೆಯುತ್ತದೆ. ಅದರ ಜೊತೆ ಬರುವ ಇಕ್ಯೂ ಪ್ಲಗಿನ್ನೇ ಸಾಕು, ದುಡ್ಡು ಕೊಟ್ಟು ಬೇರೆ ಕೊಳ್ಳಬೇಕಿಲ್ಲ. ಉಚಿತವಾಗಿ ಸಿಗುವ ಎರಡನ್ನು ಮಾತ್ರ ಸೇರಿಸಿಕೊಳ್ಳಿ: ಫ್ರೀಕ್ವೆನ್ಸಿಗಳನ್ನು (ಶಬ್ದ ಎಷ್ಟು ಕೆಳಗಿನದು, ಎಷ್ಟು ಮೇಲಿನದು ಎನ್ನುವ ಅಳತೆ) ಗ್ರಾಫ್ ಆಗಿ ತೋರಿಸುವ ವೋಕ್ಸೆಂಗೊ ಸ್ಪ್ಯಾನ್, ಮತ್ತು ಶಬ್ದ ಮಿತಿ ಮೀರಿದಾಗ ಮಾತ್ರ ಕೆಲಸ ಮಾಡುವ ಡೈನಾಮಿಕ್ ಇಕ್ಯೂ ಟಿಡಿಆರ್ ನೋವಾ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಒಂದು, ಇದ್ದರೆ ಸ್ಪೀಕರ್ ಒಂದು ಜೊತೆ, ಮತ್ತು ನಿಮ್ಮ ಮೊಬೈಲ್. ನಿಮ್ಮ ಹಾಡಿನ ಜಾತಿಯದೇ ಆದ, ಚೆನ್ನಾಗಿ ಮಿಕ್ಸ್ ಆಗಿರುವ ಒಂದು ಹಾಡನ್ನು ಪಕ್ಕದ ಟ್ರ್ಯಾಕ್‌ನಲ್ಲಿ ಹಾಕಿಟ್ಟುಕೊಳ್ಳಿ. ಹೋಲಿಸಿ ನೋಡುವಾಗ ಅದರ ವಾಲ್ಯೂಮ್ ನಿಮ್ಮ ಮಿಕ್ಸ್‌ನಷ್ಟಕ್ಕೇ ಇಳಿದಿರಬೇಕು.

ಸ್ಪೀಕರ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಹತ್ತಡಿ ಉದ್ದದ ಕೋಣೆಯಲ್ಲಿ 56 ಹರ್ಟ್ಸ್ ಸುತ್ತಮುತ್ತಲ ಶಬ್ದ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ನಿಲ್ಲುತ್ತದೆ. ಗೋಡೆ ಪಕ್ಕ ಅದು ಗುಂ ಎನ್ನುತ್ತದೆ, ಕೋಣೆಯ ನಟ್ಟನಡುವೆ ಕೂತರೆ ಕೇಳಿಸುವುದೇ ಇಲ್ಲ. ಹತ್ತಕ್ಕೆ ಹತ್ತರ ಕೋಣೆ, ಮೇಲೆ ಚಾವಣಿಯೂ ಹತ್ತಡಿ ಎಂದರೆ ಮೂರು ದಿಕ್ಕಿನಿಂದಲೂ ಅದೇ 56. ನಡುವೆ ಕೂತು 'ಬೇಸ್ ಸಾಲದು' ಎಂದು ಏರಿಸಿದವರ ಹಾಡು ಕಾರಿನಲ್ಲಿ ಗಡಗಡ ಎನ್ನುವುದು ಇದಕ್ಕೇ. ಕೂರುವ ಜಾಗವನ್ನು ನಡುವಿನಿಂದ ಎರಡಡಿ ಸರಿಸಿ; 120 ಹರ್ಟ್ಸ್‌ಗಿಂತ ಕೆಳಗಿನ ನಿರ್ಧಾರವನ್ನೆಲ್ಲ ಹೆಡ್‌ಫೋನ್‌ನಲ್ಲಿ ಮಾಡಿ.

ಗೊತ್ತಿರಬೇಕಾದ ಪದಗಳು

ಶಬ್ದದ ಎತ್ತರವನ್ನು, ಅಂದರೆ ಫ್ರೀಕ್ವೆನ್ಸಿಯನ್ನು, ಹರ್ಟ್ಸ್‌ನಲ್ಲಿ ಅಳೆಯುತ್ತೇವೆ, 1000 ಹರ್ಟ್ಸ್ ಎಂದರೆ ಒಂದು ಕಿಲೋಹರ್ಟ್ಸ್. ಎಷ್ಟು ಏರಿಸಿದಿರಿ, ಎಷ್ಟು ಇಳಿಸಿದಿರಿ ಎನ್ನುವುದು ಡೆಸಿಬೆಲ್‌ನಲ್ಲಿ. ಮುಂದೆ ಡಿಬಿ ಎಂದಷ್ಟೇ ಬರೆಯುತ್ತೇನೆ.

ಹೈಪಾಸ್ ಫಿಲ್ಟರ್ ಎಂದರೆ ನೀವು ಹೇಳಿದ ಫ್ರೀಕ್ವೆನ್ಸಿಗಿಂತ ಕೆಳಗಿನದನ್ನು ಇಳಿಸುತ್ತಾ ಹೋಗಿ ಮೇಲಿನದನ್ನು ಮಾತ್ರ ಬಿಡುವುದು. ಲೋಪಾಸ್ ಅದರ ತಿರುಗುಮುರುಗು. ಎಷ್ಟು ಕಡಿದಾಗಿ ಇಳಿಯುತ್ತದೆ ಎನ್ನುವುದು ಸ್ಲೋಪ್: 12 ಡಿಬಿ ಸ್ಲೋಪ್ ಎಂದರೆ ಒಂದೊಂದು ಸ್ಥಾಯಿ ಕೆಳಗಿಳಿದಂತೆ 12 ಡಿಬಿ ಕಡಿಮೆ. ಬೆಲ್ ಎಂದರೆ ಒಂದು ಬಿಂದುವಿನ ಸುತ್ತ ಗುಡ್ಡ ಇಲ್ಲವೇ ಹಳ್ಳ ಮಾಡುವುದು. ಶೆಲ್ಫ್ ಎಂದರೆ ಒಂದು ಬಿಂದುವಿನಿಂದಾಚೆ ಎಲ್ಲವನ್ನೂ ಒಂದೇ ಸಮ ಏರಿಸುವುದು, ಇಳಿಸುವುದು. ನಾಚ್ ಎಂದರೆ ಸೂಜಿಯಷ್ಟು ಸಪೂರವಾದ ಆಳದ ಹಳ್ಳ.

ಗುಡ್ಡ ಎಷ್ಟು ಅಗಲ ಎನ್ನುವುದನ್ನು ಕ್ಯೂ ಎಂಬ ಅಂಕಿ ಹೇಳುತ್ತದೆ. ಅಂಕಿ ದೊಡ್ಡದಾದಷ್ಟೂ ಗುಡ್ಡ ಸಪೂರ. 0.7 ಎಂದರೆ ಸುಮಾರು ಎರಡು ಸ್ಥಾಯಿ ಅಗಲ, 1.4 ಎಂದರೆ ಒಂದು ಸ್ಥಾಯಿ, 4.3 ಎಂದರೆ ಸ್ಥಾಯಿಯ ಮೂರನೇ ಒಂದು ಭಾಗ. ರೀಪರ್ ಬಳಸುವವರು ಗಮನಿಸಿ: ಅದರ ಇಕ್ಯೂನಲ್ಲಿ ಕ್ಯೂ ಬದಲು ಅಗಲವನ್ನೇ ಸ್ಥಾಯಿಯ ಲೆಕ್ಕದಲ್ಲಿ ಕೊಡಬೇಕು. ಎಲ್ಲೋ ಓದಿದ 'ಕ್ಯೂ 4' ಎಂಬುದನ್ನು ಅಲ್ಲಿ 4 ಎಂದೇ ತುಂಬಿದರೆ ನಾಲ್ಕು ಸ್ಥಾಯಿ ಅಗಲದ ಹಳ್ಳ ಬಿದ್ದು ಇಡೀ ವಾದ್ಯವೇ ಮುಳುಗುತ್ತದೆ.

ಹಂತ 1: ಷಡ್ಜ ಎಷ್ಟು ಹರ್ಟ್ಸ್, ಬರೆದಿಟ್ಟುಕೊಳ್ಳಿ

ಮಧ್ಯ ಸ್ಥಾಯಿ ಷಡ್ಜದ ಅಂಕಿಗಳಿವು (ಮನೆ ಎಂದರೆ ಹಾರ್ಮೋನಿಯಂನ ಯಾವ ಕೀಲಿಯನ್ನು ಷಡ್ಜ ಮಾಡಿಕೊಂಡಿದ್ದಾರೆ ಎನ್ನುವ ಎಣಿಕೆ). ಪುರುಷ ಕಂಠಕ್ಕೆ ಸಾಮಾನ್ಯವಾಗಿ ಬರುವವು: 1 ಮನೆ 131 ಹರ್ಟ್ಸ್, 1½ ಮನೆ 139, 2 ಮನೆ 147, 2½ ಮನೆ 156. ಸ್ತ್ರೀ ಕಂಠಕ್ಕೆ: 4½ ಮನೆ 185, 5 ಮನೆ 196, 5½ ಮನೆ 208, 6 ಮನೆ 220. ಧಾರವಾಡದ ಕಡೆ ಕಾಳಿ ಏಕ್ ಎನ್ನುವುದು ಇಲ್ಲಿಯ ಒಂದೂವರೆ ಮನೆ. ತಾರ ಷಡ್ಜಕ್ಕೆ ಇದರ ಎರಡರಷ್ಟು, ಮಂದ್ರ ಷಡ್ಜಕ್ಕೆ ಅರ್ಧ. ಪಂಚಮ ಬೇಕಾದರೆ ಷಡ್ಜವನ್ನು ಒಂದೂವರೆಯಿಂದ ಗುಣಿಸಿ. ಮಂದ್ರ ಪಂಚಮಕ್ಕೆ ಮುಕ್ಕಾಲರಿಂದ.

ಇದೇಕೆ ಇಷ್ಟು ಮುಖ್ಯ ಎನ್ನುವುದನ್ನು ಹತ್ತಿರದಿಂದ ನೋಡಿ. ಐದು ಮನೆಯಲ್ಲಿ ಹಾಡುವ ಗಾಯಕಿಯ ದನಿ ಸ್ವಲ್ಪ ಗುಮ್ಮೆನ್ನುತ್ತಿದೆ. ಚಾರ್ಟಿನಲ್ಲಿ '200 ಹರ್ಟ್ಸ್‌ನಲ್ಲಿ ಕತ್ತರಿಸಿ' ಎಂದಿದೆ. ನೀವು 200ಕ್ಕೆ ಹೋಗಿ ಕ್ಯೂ 4 ಇಟ್ಟು 5 ಡಿಬಿ ಇಳಿಸುತ್ತೀರಿ. ಗುಮ್ಮೆನ್ನುವುದೇನೋ ಕಡಿಮೆಯಾಯಿತು. ಆದರೆ ಅವರ ಷಡ್ಜ ಇರುವುದೇ 196ರಲ್ಲಿ. ಪಲ್ಲವಿಯ ಕೊನೆಗೆ ಷಡ್ಜಕ್ಕೆ ಬಂದು ನಿಂತಾಗಲೆಲ್ಲ ದನಿ ತೆಳುವಾಗಿ ಹಿಂದಕ್ಕೆ ಸರಿಯುತ್ತದೆ, ಗಾಂಧಾರಕ್ಕೆ ಹೋದಾಗ ಮತ್ತೆ ತುಂಬಿಕೊಳ್ಳುತ್ತದೆ. ಗಾಯಕಿ ಸಮವಾಗಿಯೇ ಹಾಡಿದ್ದಾರೆ, ಏರುಪೇರು ನಿಮ್ಮ ಇಕ್ಯೂನದು. ಇದನ್ನು ಸರಿಮಾಡಲು ಕಂಪ್ರೆಸರ್ (ಜೋರಾದ ಶಬ್ದವನ್ನು ತಾನಾಗಿ ತಗ್ಗಿಸುವ ಪ್ಲಗಿನ್) ಹಾಕಲು ಹೊರಟರೆ ಕತೆ ಇನ್ನೂ ಉದ್ದವಾಗುತ್ತದೆ.

ನಿಯಮ ಸರಳ. ಷಡ್ಜ ಅಥವಾ ಪಂಚಮದಿಂದ ಹತ್ತು ಶೇಕಡಾ ಆಚೀಚೆ ಒಳಗೆ ಬರುವ ಯಾವ ಕಟ್ ಆದರೂ ಅಗಲವಾಗಿರಲಿ, ಕ್ಯೂ 1ಕ್ಕಿಂತ ಮೇಲೆ ಬೇಡ, 3 ಡಿಬಿಗಿಂತ ಆಳ ಬೇಡ. ಮೇಲಿನ ಗಾಯಕಿಗೆ 250ರಿಂದ ಕೆಳಗೆ 2 ಡಿಬಿ ಇಳಿಸುವ ಲೋ ಶೆಲ್ಫ್ ಹಾಕಿದರೆ ಸ್ವರಗಳ ನಡುವಿನ ಸಮತೋಲ ಕೆಡದೆ ಗುಮ್ಮೆನ್ನುವುದು ಇಳಿಯುತ್ತದೆ.

ಹಂತ 2: ಇಕ್ಯೂ ಮುಟ್ಟದೆ ವಾಲ್ಯೂಮ್ ಕೂರಿಸಿ

ಎಲ್ಲ ಇಕ್ಯೂ ಆಫ್ ಮಾಡಿ, ಫೇಡರ್‌ಗಳಿಂದಲೇ (ಟ್ರ್ಯಾಕ್‌ನ ವಾಲ್ಯೂಮ್ ಸರಿಸುವ ಗುಂಡಿಗಳು) ಹಾಡನ್ನು ಆದಷ್ಟು ಸರಿಗೆ ತನ್ನಿ. ಮೊದಲು ಗಾಯನ, ಆಮೇಲೆ ತಬಲಾ, ಬೇಸ್, ಉಳಿದವು ಕೊನೆಗೆ. ಎಲ್ಲ ಟ್ರ್ಯಾಕ್‌ಗಳೂ ಬಂದು ಸೇರುವ ಮಾಸ್ಟರ್ ಚಾನೆಲ್‌ನ ಗರಿಷ್ಠ ಮಟ್ಟ ಮೈನಸ್ 6 ಡಿಬಿ ದಾಟದಂತಿರಲಿ. 'ಹಾರ್ಮೋನಿಯಂ ಗಾಯನವನ್ನು ಮುಚ್ಚುತ್ತಿದೆ' ಎಂಬ ದೂರಿನಲ್ಲಿ ಮುಕ್ಕಾಲು ಪಾಲು ಹಾರ್ಮೋನಿಯಂ ಎರಡು ಡಿಬಿ ಜೋರಾಗಿರುವುದಷ್ಟೇ ಆಗಿರುತ್ತದೆ. ಸ್ಟೀರಿಯೋದಲ್ಲಿ ಹಾರ್ಮೋನಿಯಂ ಸ್ವಲ್ಪ ಎಡಕ್ಕೆ, ಗಿಟಾರ್ ಬಲಕ್ಕೆ ಸರಿಸುವುದೂ ಈಗಲೇ. ಇಷ್ಟಾದ ಮೇಲೂ ಉಳಿಯುವ ತೊಂದರೆಗೆ ಮಾತ್ರ ಇಕ್ಯೂ.

ಹಂತ 3: ಕಸ ತೆಗೆಯುವುದು

ಈ ಹಂತದಲ್ಲಿ ಮಾತ್ರ ಒಂದೊಂದೇ ಟ್ರ್ಯಾಕ್ ಸೋಲೋದಲ್ಲಿ ಕೇಳಬಹುದು. ಸೋಲೋ ಎಂದರೆ ಬೇರೆಲ್ಲ ಮುಚ್ಚಿ ಅದೊಂದನ್ನೇ ಕೇಳುವುದು.

ಗಾಯನದ ಹೈಪಾಸ್ ಎಲ್ಲಿಡಬೇಕು? ಹಾಡಿನಲ್ಲಿ ಬರುವ ಅತಿ ಕೆಳಗಿನ ಸ್ವರ ಹುಡುಕಿ, ಅದರ ಮುಕ್ಕಾಲು ಭಾಗಕ್ಕೆ ಫಿಲ್ಟರ್ ಇಡಿ. ಭಾವಗೀತೆಗಳು ಮಂದ್ರ ಪಂಚಮಕ್ಕಿಂತ ಕೆಳಗೆ ಹೋಗುವುದು ಅಪರೂಪ. ಒಂದೂವರೆ ಮನೆಯವರ ಮಂದ್ರ ಪಂಚಮ 104, ಫಿಲ್ಟರ್ 78ರಿಂದ 80. ಐದು ಮನೆಯವರ ಮಂದ್ರ ಪಂಚಮ 147, ಫಿಲ್ಟರ್ 110. ಸ್ಲೋಪ್ 12 ಡಿಬಿ ಇಟ್ಟರೆ ಆ ಕೆಳಗಿನ ಸ್ವರಕ್ಕೆ ತಗಲುವ ಪೆಟ್ಟು ಒಂದು ಡಿಬಿಯ ಆಸುಪಾಸು, ಯಾರಿಗೂ ಗೊತ್ತಾಗದು. 'ಗಾಯನಕ್ಕೆಲ್ಲ 150ರ ಹೈಪಾಸ್' ಎಂಬ ಸಲಹೆಯನ್ನು ಪುರುಷ ಕಂಠಕ್ಕೆ ಹಾಕಿದರೆ ಷಡ್ಜವೇ ಸೋರಿಹೋಗುತ್ತದೆ.

ಬೇರೆ ವಾದ್ಯಗಳಿಗೆ ಶುರುವಿನ ಅಂಕಿಗಳು: ಕೊಳಲು 180, ಹಾರ್ಮೋನಿಯಂ 110, ತಂಬೂರಿ 120, ಅಕೌಸ್ಟಿಕ್ ಗಿಟಾರ್ 90, ಕೀಬೋರ್ಡ್ ಸ್ಟ್ರಿಂಗ್ಸ್ 200, ಬೇಸ್ ಗಿಟಾರ್ 35, ತಬಲಾದ ಡಗ್ಗಾ (ಎಡಗೈಯಲ್ಲಿ ನುಡಿಸುವ ದೊಡ್ಡದು) 45. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯೇ 41 ಹರ್ಟ್ಸ್, ಅದರ ಕೆಳಗಿರುವುದೆಲ್ಲ ಕೈ ತಾಗಿದ ಸದ್ದು.

ಮುಂದಿನದು ಕರೆಂಟಿನ ಹಮ್. ನಮ್ಮಲ್ಲಿ ಮನೆಗೆ ಬರುವ ವಿದ್ಯುತ್ 50 ಹರ್ಟ್ಸ್, ಹಾಗಾಗಿ ಹಮ್ 50, 100, 150ರಲ್ಲಿ ಸಾಲಾಗಿ ಕೂತಿರುತ್ತದೆ. ಕ್ಯೂ 25ರಿಂದ 30ರ ನಾಚ್‌ಗಳಿಂದ ಅದನ್ನು ತೆಗೆಯಬಹುದು. ಆದರೆ ಎರಡು ಮನೆಯ ಷಡ್ಜ 147. 150ರ ನಾಚ್ ಅದರ ಮಗ್ಗುಲಿಗೇ ಬಂತು. ಅಂಥ ಹಾಡಿನಲ್ಲಿ 50, 100 ಮಾತ್ರ ತೆಗೆದು 150ನ್ನು ಬಿಡಿ. ಅದಕ್ಕಿಂತ ಒಳ್ಳೆಯದು ಲ್ಯಾಪ್‌ಟಾಪ್ ಚಾರ್ಜರ್ ತೆಗೆದು, ಕೇಬಲ್ ಬದಲಿಸಿ, ಇನ್ನೊಮ್ಮೆ ಹಾಡಿಸುವುದು. ಫ್ಯಾನಿನ ಗಾಳಿ, ಬೀದಿಯ ಆಟೋ, ಇವು ಎಲ್ಲ ಫ್ರೀಕ್ವೆನ್ಸಿಯಲ್ಲೂ ಹರಡಿರುತ್ತವೆ. ಅವನ್ನು ಇಕ್ಯೂನಿಂದ ತೆಗೆಯಲು ಹೋಗಬೇಡಿ.

ಕೋಣೆ ಅಥವಾ ಮೈಕಿನಿಂದ ಬಂದ ರಿಂಗಣ ಹುಡುಕಲು ಎಲ್ಲರೂ ಬಳಸುವ ದಾರಿ ಗೊತ್ತೇ ಇದೆ: ಸಪೂರ ಬೆಲ್ ಒಂದನ್ನು 8 ಡಿಬಿ ಏರಿಸಿ ಆಚೀಚೆ ಓಡಾಡಿಸುವುದು, ಕರ್ಕಶವಾಗಿ ಕೇಳಿಸಿದಲ್ಲಿ ಕತ್ತರಿಸುವುದು. ಇದರಲ್ಲಿ ಒಂದು ಬಲೆಯಿದೆ. 8 ಡಿಬಿ ಏರಿಸಿದರೆ ಎಲ್ಲ ಜಾಗವೂ ಕರ್ಕಶವೇ, ಹಾಡುತ್ತಿರುವ ಸ್ವರದ ಮೇಲಂತೂ ಇನ್ನೂ ಹೆಚ್ಚು. ಆದ್ದರಿಂದ ಸಿಕ್ಕ ಜಾಗವನ್ನು ಹಾಡಿನ ಬೇರೆ ಸಾಲಿನಲ್ಲಿ, ಬೇರೆ ಸ್ವರ ಇರುವಲ್ಲಿ ಪರೀಕ್ಷಿಸಿ. ಅಲ್ಲೂ ಅದೇ ಫ್ರೀಕ್ವೆನ್ಸಿ ರಿಂಗಣಿಸಿದರೆ ಅದು ಕೋಣೆಯದು, 3 ಡಿಬಿ ಇಳಿಸಿ. ಒಂದೇ ಸ್ವರಕ್ಕೆ ಮಾತ್ರ ಬಂದರೆ ಅದು ಸಂಗೀತ, ಬಿಟ್ಟುಬಿಡಿ.

ಹಂತ 4: ಗಾಯನ

ಸೋಲೋ ಬಟನ್ ಇನ್ನು ಮುಟ್ಟಬೇಡಿ. ಇಲ್ಲಿಂದ ಮುಂದೆ ಎಲ್ಲ ಟ್ರ್ಯಾಕ್‌ಗಳೂ ಓಡುತ್ತಿರುವಾಗಲೇ ಕೆಲಸ. ಭಾವಗೀತೆಯಲ್ಲಿ ಪದ ಕೇಳಿಸದಿದ್ದರೆ ಮಿಕ್ಕಿದ್ದೇನು ಚೆನ್ನಾಗಿದ್ದೂ ಪ್ರಯೋಜನವಿಲ್ಲ, ಹಾಗಾಗಿ ಹೆಚ್ಚಿನ ಸಮಯ ಇಲ್ಲೇ ಹೋಗಲಿ.

ಮೈಕಿಗೆ ನಾಲ್ಕು ಬೆರಳಷ್ಟು ಹತ್ತಿರ ನಿಂತು ಹಾಡಿದ್ದರೆ ಕೆಳಗಿನ ಭಾಗ ಊದಿಕೊಂಡಿರುತ್ತದೆ. ಮುಂದಿನಿಂದ ಮಾತ್ರ ಶಬ್ದ ಹಿಡಿಯುವ ಕಾರ್ಡಿಯಾಯ್ಡ್ ಮೈಕುಗಳ ಗುಣವೇ ಅದು. ಹಂತ 1ರಲ್ಲಿ ಹೇಳಿದ ಲೋ ಶೆಲ್ಫ್‌ನಿಂದ 2ರಿಂದ 3 ಡಿಬಿ ತೆಗೆಯಿರಿ. ಪ, ಬ, ಭ ಅಕ್ಷರಗಳಲ್ಲಿ 'ಧಬ್' ಎಂದು ಗಾಳಿ ಬಡಿದಿದ್ದರೆ ಆ ಅಕ್ಷರದ ತುಣುಕನ್ನು ಮಾತ್ರ ಬೇರ್ಪಡಿಸಿ ಅದಕ್ಕೊಂದು 150ರ ಹೈಪಾಸ್ ಹಾಕಿ. ನಾಲ್ಕು 'ಪ'ಕಾರಕ್ಕಾಗಿ ಇಡೀ ಹಾಡನ್ನು ತೆಳು ಮಾಡಬೇಡಿ.

ಡಬ್ಬದೊಳಗಿಂದ ಬಂದಂತೆ ಕೇಳಿಸಿದರೆ 350ರಿಂದ 500ರ ನಡುವೆ ನೋಡಿ, ಕ್ಯೂ 1.4ರಲ್ಲಿ 2 ಡಿಬಿ ಇಳಿಸಿ. ಗೋಡೆ ಬರಿದಾಗಿರುವ ಸಣ್ಣ ಕೋಣೆಯ ಗುರುತು ಇದು. ಮೂಗಿನಿಂದ ಹಾಡಿದಂತಿದ್ದರೆ 800ರಿಂದ 1200ರ ನಡುವೆ. ಇಲ್ಲಿ ಒಂದೂವರೆ ಡಿಬಿಗಿಂತ ಹೆಚ್ಚು ತೆಗೆದರೆ ಮೊಬೈಲ್‌ನಲ್ಲಿ ದನಿಯೇ ದೂರ ಹೋಗುತ್ತದೆ.

ಪದದ ಸ್ಪಷ್ಟತೆ 2ರಿಂದ 4 ಕಿಲೋಹರ್ಟ್ಸ್ ನಡುವೆ ಇದೆ. ಒತ್ತಕ್ಷರಗಳು, ಕ್ಷ, ಟ್ಟ, ತ್ತ ಬಿಡಿಬಿಡಿಯಾಗಿ ಕೇಳಿಸುವುದು ಇಲ್ಲಿಂದ. 3 ಕಿಲೋಹರ್ಟ್ಸ್‌ನಲ್ಲಿ ಕ್ಯೂ 0.8 ಇಟ್ಟು 2 ಡಿಬಿ ಏರಿಸಿ ನೋಡಿ. ನಾಲ್ಕು ಡಿಬಿ ಏರಿಸಬೇಕು ಅನ್ನಿಸುತ್ತಿದ್ದರೆ ತೊಂದರೆ ಗಾಯನದ್ದಲ್ಲ, ಅದೇ ಜಾಗದಲ್ಲಿ ಕೂತಿರುವ ಇನ್ನೊಂದು ವಾದ್ಯದ್ದು. ಅದನ್ನು ಹಂತ 6ರಲ್ಲಿ ಎಬ್ಬಿಸೋಣ.

ಸಕಾರದ ಸೀಟಿ ಹೊಸಬರನ್ನು ಕಾಡುವ ಇನ್ನೊಂದು ವಿಷಯ. ಇದಕ್ಕೆಂದೇ ಇರುವ ಡಿ-ಎಸ್ಸರ್ ಎಂಬ ಪ್ಲಗಿನ್ ಸೀಟಿ ಬಂದಾಗ ಮಾತ್ರ ಮೇಲಿನ ಫ್ರೀಕ್ವೆನ್ಸಿಯನ್ನು ಒತ್ತುತ್ತದೆ. ಅದನ್ನು 7 ಕಿಲೋಹರ್ಟ್ಸ್ ಸುಮಾರಿಗೆ ಇಡಿ ಎಂದು ಬಹುತೇಕ ಪಾಠಗಳು ಹೇಳುತ್ತವೆ. 'ಸ'ಗೆ ಅದು ಸರಿ. ಕನ್ನಡದ ಸಾಲುಗಳಲ್ಲಿ ಶ, ಷ ಬಂದಾಗ ಮಾತ್ರ ಕೈಕೊಡುತ್ತದೆ, ಏಕೆಂದರೆ 'ಶ'ದ ಶಕ್ತಿ 'ಸ'ಗಿಂತ ಕೆಳಗೆ, 3ರಿಂದ 5 ಕಿಲೋಹರ್ಟ್ಸ್ ಸುತ್ತ ಇರುತ್ತದೆ. 'ಶ್ರೀ'ಯಿಂದ ಶುರುವಾಗುವ ದೇವರನಾಮದಲ್ಲಿ ಡಿ-ಎಸ್ಸರ್ ಹಾಕಿಯೂ ಕಿವಿಗೆ ಚುಚ್ಚುತ್ತಿದ್ದರೆ ಕಾರಣ ಇದೇ. ಡೈನಾಮಿಕ್ ಇಕ್ಯೂನಲ್ಲಿ ಎರಡು ಬ್ಯಾಂಡ್ ಮಾಡಿ: ಒಂದು 4 ಕಿಲೋಹರ್ಟ್ಸ್‌ಗೆ, ಒಂದು 7ಕ್ಕೆ, ಎರಡೂ ಹೆಚ್ಚೆಂದರೆ 4 ಡಿಬಿ ಇಳಿಯುವಂತೆ. 4ರ ಬ್ಯಾಂಡ್ ಮಾಮೂಲಿ ಸ್ವರಗಳಿಗೂ ಇಳಿಯುತ್ತಿದ್ದರೆ ಅದರ ಮಿತಿ, ಅಂದರೆ ಥ್ರೆಶೋಲ್ಡ್, ಮೇಲಕ್ಕೆ ಏರಿಸಿ. ಇಲ್ಲದಿದ್ದರೆ ಈಗ ತಾನೇ ಗಳಿಸಿದ ಸ್ಪಷ್ಟತೆ ಕೈಬಿಟ್ಟಿತು.

ಹೊಳಪಿಗೆ 10 ಕಿಲೋಹರ್ಟ್ಸ್‌ನ ಶೆಲ್ಫ್, 1ರಿಂದ 2 ಡಿಬಿ, ಕೊನೆಗೆ. ಅಗ್ಗದ ಕಂಡೆನ್ಸರ್ ಮೈಕುಗಳಲ್ಲಿ ಈ ಹೊಳಪು ಮೊದಲೇ ಬೇಕಾದ್ದಕ್ಕಿಂತ ಹೆಚ್ಚಾಗಿ ಇರುವುದುಂಟು, ಅಂಥ ಕಡೆ ಇದನ್ನು ಹಾಕಲೇಬೇಡಿ.

ಕಂಪ್ರೆಸರ್ ಬಳಸುತ್ತಿದ್ದರೆ ಕತ್ತರಿಸುವ ಇಕ್ಯೂ ಅದಕ್ಕಿಂತ ಮುಂಚೆ, ಏರಿಸುವ ಇಕ್ಯೂ ಅದರ ನಂತರ. ಗಾಳಿಯ ಬಡಿತ ತುಂಬಿದ ಟ್ರ್ಯಾಕ್ ಕಂಪ್ರೆಸರ್‌ಗೆ ಹೋದರೆ ಪ್ರತಿ 'ಪ'ಗೂ ಇಡೀ ದನಿ ಕುಗ್ಗುತ್ತದೆ.

ಹಂತ 5: ತಬಲಾ ಮತ್ತು ಬೇಸ್

ಬಲಗೈ ತಬಲಾವನ್ನು ಡ್ರಮ್ ಎಂದುಕೊಂಡು ಇಕ್ಯೂ ಮಾಡಬಾರದು. ಮಾಮೂಲಿ ಚರ್ಮವಾದ್ಯದಲ್ಲಿ ಮೂಲ ಸ್ವರದ ಜೊತೆ ಏಳುವ ಮೇಲಿನ ನಾದಗಳು (ಓವರ್‌ಟೋನ್) ಒಂದಕ್ಕೊಂದು ಹೊಂದದೆ ಗದ್ದಲವಾಗುತ್ತವೆ. ತಬಲಾ, ಮೃದಂಗಗಳಲ್ಲಿ ನಡುವೆ ಹಚ್ಚಿದ ಕಪ್ಪು ಕರಣೆ ಅವನ್ನು ಸ್ವರದ ಪೂರ್ಣಾಂಕ ಪಟ್ಟುಗಳ ಹತ್ತಿರಕ್ಕೆ ತಂದು ಕೂರಿಸುತ್ತದೆ. ಸಿ. ವಿ. ರಾಮನ್ 1920ರಲ್ಲಿ ಇದನ್ನು ಸಹೋದ್ಯೋಗಿಯೊಬ್ಬರ ಜೊತೆ ಪ್ರಕಟಿಸಿ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿವರವಾಗಿ ಬರೆದರು. ಮಿಕ್ಸಿಂಗ್‌ಗೆ ಇದರಿಂದ ಬರುವ ಪಾಠ: ಒಂದೂವರೆ ಮನೆಗೆ ಶ್ರುತಿ ಮಾಡಿದ ತಬಲಾದ ಗ್ರಾಫ್‌ನಲ್ಲಿ 277ರ ಸುತ್ತ ಚೂಪಾದ ಮೊನೆ ಕಂಡರೆ ಅದು ವಾದ್ಯದ ಶ್ರುತಿ, ರಿಂಗಣವಲ್ಲ. ಸ್ನೇರ್ ಡ್ರಮ್ಮಿಗೆ ಮಾಡುವಂತೆ ಅಲ್ಲಿ ನಾಚ್ ಹಾಕಿದರೆ ತಬಲಾ ಟಕಟಕ ಎನ್ನುವ ಹಲಗೆಯಾಗುತ್ತದೆ. ಸ್ತ್ರೀ ಕಂಠಕ್ಕೆ ಶ್ರುತಿ ಎತ್ತರವಾದಾಗ ತಬಲಾವನ್ನು ಪಂಚಮಕ್ಕೋ ಮಧ್ಯಮಕ್ಕೋ ಕೂರಿಸುವುದೂ ಉಂಟು, ಆದ್ದರಿಂದ ಯಾವ ಸ್ವರಕ್ಕೆ ಶ್ರುತಿ ಮಾಡಿದ್ದರು ಎಂದು ತಬಲಾದವರನ್ನೇ ಕೇಳಿಬಿಡಿ.

ಬಲಗೈ ತಬಲಾಕ್ಕೆ: 120ರ ಹೈಪಾಸ್, 'ನಾ' ಬೋಲಿನ ಅಂಚು ಕಿವಿಗೆ ಬಡಿಯುತ್ತಿದ್ದರೆ 2.5ರಿಂದ 4 ಕಿಲೋಹರ್ಟ್ಸ್ ನಡುವೆ ಕ್ಯೂ 1.4ರಲ್ಲಿ 2 ಡಿಬಿ ಇಳಿಸಿ. ಬೆರಳಿನ ಸೂಕ್ಷ್ಮ ಬೇಕಿದ್ದರೆ 6 ಕಿಲೋಹರ್ಟ್ಸ್‌ನಿಂದ ಶೆಲ್ಫ್ 2 ಡಿಬಿ ಏರಿಸಿ.

ಡಗ್ಗಾದ ವಿಷಯ ಬೇರೆ. ಅದರ 'ಗೆ' ಅಂಗೈ ಒತ್ತಿದಂತೆಲ್ಲ ಜಾರುತ್ತಾ ಹೋಗುತ್ತದೆ, ಒಂದೇ ಬಿಂದುವಿನಲ್ಲಿ ನಿಲ್ಲುವುದಿಲ್ಲ. ಸಪೂರ ಬೂಸ್ಟ್ ಹಾಕಿದರೆ ಜಾರುವಾಗ ಒಂದು ಕ್ಷಣ ಮಾತ್ರ ಉಬ್ಬಿ ಇಳಿಯುತ್ತದೆ. ಏರಿಸುವುದಾದರೆ ಕ್ಯೂ 0.7, ಹೆಚ್ಚೆಂದರೆ 2 ಡಿಬಿ. ಎಲ್ಲಿ ಎನ್ನುವುದಕ್ಕೆ 'ಗೆ' ಬರುವ ನಾಲ್ಕು ಮಾತ್ರೆ ಲೂಪ್ ಮಾಡಿ ಸ್ಪ್ಯಾನ್‌ನಲ್ಲಿ ನೋಡಿ. ಬಹುತೇಕ 70ರಿಂದ 120ರ ನಡುವೆ ಎಲ್ಲೋ ದಪ್ಪಗೆ ಕಾಣುತ್ತದೆ. ಮಂಕಾಗಿ ಕೇಳಿಸುತ್ತಿದ್ದರೆ 250ರಿಂದ 350ರ ನಡುವೆ 3 ಡಿಬಿ ತೆಗೆಯಿರಿ.

ಬೇಸ್ ಗಿಟಾರ್ ಕೂಡ ಇದೇ ಕೆಳಮನೆಯಲ್ಲಿ ವಾಸ. ಐದು ಮನೆಯ ಹಾಡಿನಲ್ಲಿ ಬೇಸ್‌ನ ಷಡ್ಜ 49 ಅಥವಾ 98ರಲ್ಲಿ ಬರುತ್ತದೆ. ಡಗ್ಗಾ 95ರ ಸುತ್ತ ಇದ್ದರೆ 98ರ ಷಡ್ಜದ ಜೊತೆ ಡಿಕ್ಕಿ ಖಚಿತ. ಇಬ್ಬರಲ್ಲಿ ಕೆಳಗಿನವರು ಯಾರು ಎಂದು ನೀವೇ ತೀರ್ಮಾನಿಸಬೇಕು. ತಬಲಾ ಮುಂದಿರುವ ಹಾಡಾದರೆ ಬೇಸ್‌ನಲ್ಲಿ 95ರ ಸುತ್ತ ಅಗಲವಾಗಿ 2 ಡಿಬಿ ಇಳಿಸಿ, ಡಗ್ಗಾದ ಹೈಪಾಸ್ ಅನ್ನು 60ಕ್ಕೆ ಏರಿಸಿ. ಒಂದೂವರೆ ಮನೆಯಲ್ಲಿ ಬೇಸ್ ಷಡ್ಜ 69, ಡಗ್ಗಾ ಅದರ ಮೇಲೆ ಕೂರುವುದರಿಂದ ಅಷ್ಟು ತಂಟೆ ಇರುವುದಿಲ್ಲ.

ಮೊಬೈಲ್‌ನಲ್ಲಿ ಬೇಸ್ ಕೇಳಿಸುವುದಿಲ್ಲ ಎಂದು 60 ಹರ್ಟ್ಸ್ ಏರಿಸುವುದು ವ್ಯರ್ಥ. ಅಷ್ಟು ಸಣ್ಣ ಸ್ಪೀಕರ್ ಆ ಆಳಕ್ಕೆ ಇಳಿಯುವುದೇ ಇಲ್ಲ. 700ರಿಂದ 1000ದ ನಡುವೆ 2ರಿಂದ 3 ಡಿಬಿ ಏರಿಸಿ. ತಂತಿಯ ಓವರ್‌ಟೋನ್‌ಗಳು ಕೇಳಿಸಿದರೆ ಕೆಳಗಿನ ಸ್ವರವನ್ನು ಕಿವಿಯೇ ತುಂಬಿಕೊಳ್ಳುತ್ತದೆ.

ತಬಲಾಕ್ಕೆ ಎರಡು ಮೈಕ್ ಇಟ್ಟಿದ್ದವರು ಇದನ್ನು ಓದದೆ ಮುಂದೆ ಹೋಗಬೇಡಿ. ಮಾಮೂಲಿ ಫಿಲ್ಟರ್ ತಾನಿರುವ ಜಾಗದ ಸುತ್ತ ಶಬ್ದದ ಅಲೆಯನ್ನು ಕೊಂಚ ಹಿಂದೆ ಮುಂದೆ ತಳ್ಳುತ್ತದೆ. ಇದಕ್ಕೆ ಫೇಸ್ ಬದಲಾವಣೆ ಎನ್ನುತ್ತಾರೆ. ಬಲಗೈ ಮೈಕಿಗೂ ಡಗ್ಗಾ ಸೋರಿರುತ್ತದೆ. ಒಂದಕ್ಕೆ ಮಾತ್ರ ಕಡಿದಾದ ಹೈಪಾಸ್ ಹಾಕಿದರೆ ಎರಡು ಮೈಕಿನ ಡಗ್ಗಾ ಅಲೆಗಳು ಒಂದನ್ನೊಂದು ತಿಂದು, ಏನನ್ನೂ ಕತ್ತರಿಸದೆಯೇ ಡಗ್ಗಾ ಸೊರಗಿದಂತಾಗಬಹುದು. ಹೈಪಾಸ್ ಹಾಕಿದ ಕೂಡಲೇ ಎರಡನ್ನೂ ಮೋನೋದಲ್ಲಿ (ಎಡ, ಬಲ ಒಂದಾಗಿ ಬೆರೆಸಿ) ಕೇಳಿ. ಸೊರಗಿದ್ದರೆ ಸ್ಲೋಪ್ 6 ಡಿಬಿಗೆ ಇಳಿಸಿ, ಇಲ್ಲವೇ ಬಲಗೈ ಮೈಕಿನ ಪೊಲಾರಿಟಿ ಬಟನ್ (ಅಲೆಯನ್ನು ತಲೆಕೆಳಗು ಮಾಡುವುದು) ಒತ್ತಿ ಯಾವುದು ತುಂಬಿಕೊಂಡು ಕೇಳುತ್ತದೋ ಅದನ್ನು ಇಟ್ಟುಕೊಳ್ಳಿ.

ಹಂತ 6: ನಡುವಿನ ಗುಂಪು

ಹಾರ್ಮೋನಿಯಂ, ಗಿಟಾರ್, ಸ್ಟ್ರಿಂಗ್ಸ್, ಕೊಳಲು, ಎಲ್ಲರೂ ಗಾಯನದ ಜಾಗದಲ್ಲೇ ಕೂತಿದ್ದಾರೆ. ಗಾಯನಕ್ಕೆ 3 ಕಿಲೋಹರ್ಟ್ಸ್‌ನಲ್ಲಿ 2 ಡಿಬಿ ಕೊಟ್ಟಿದ್ದೇವಲ್ಲ, ಇವರಿಂದ ಅಲ್ಲೇ ಸ್ವಲ್ಪ ಸ್ವಲ್ಪ ತೆಗೆಯುವುದು.

ಹಾರ್ಮೋನಿಯಂ ಅತಿ ಹತ್ತಿರದ ಪ್ರತಿಸ್ಪರ್ಧಿ, ಏಕೆಂದರೆ ಅದು ಗಾಯನದ ಸ್ವರವನ್ನೇ ಹಿಂಬಾಲಿಸುತ್ತದೆ. 2.5 ಕಿಲೋಹರ್ಟ್ಸ್‌ನಲ್ಲಿ ಕ್ಯೂ 0.8ರ ಹಳ್ಳ, 3 ಡಿಬಿ. ಅದರ ರೀಡುಗಳ ಝೇಂಕಾರ 1 ಕಿಲೋಹರ್ಟ್ಸ್ ಬಳಿ ಹೆಚ್ಚಿದ್ದರೆ ಅಲ್ಲೊಂದು 2 ಡಿಬಿ. ತಿದಿಯ ಸದ್ದು ಹಂತ 3ರ ಹೈಪಾಸ್‌ನಲ್ಲೇ ಬಹುಪಾಲು ಹೋಗಿರುತ್ತದೆ.

ಕೀಬೋರ್ಡಿನ ಸ್ಟ್ರಿಂಗ್ಸ್ ದನಿಗಳನ್ನು ಅಂಗಡಿಯಲ್ಲಿ ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಒತ್ತಿದರೆ ಸಾಕು, ಗಿರಾಕಿ ಬೆರಗಾಗುವಂತೆ ತಯಾರಿಸಿರುತ್ತಾರೆ. ಬೇಸ್, ರಿವರ್ಬ್ (ದೊಡ್ಡ ಸಭಾಂಗಣದಲ್ಲಿ ಬರುವಂಥ ಅನುರಣನ), ಹೊಳಪು ಎಲ್ಲ ಮೊದಲೇ ತುಂಬಿರುತ್ತದೆ. ಇಲ್ಲಿ ಕರುಣೆ ಬೇಡ: ಹೈಪಾಸ್ 250ರವರೆಗೆ, ಲೋಪಾಸ್ 8 ಕಿಲೋಹರ್ಟ್ಸ್‌ಗೆ, 2ರಿಂದ 3 ಕಿಲೋಹರ್ಟ್ಸ್ ನಡುವೆ ಅಗಲವಾಗಿ 3ರಿಂದ 4 ಡಿಬಿ ಇಳಿಕೆ. ಸೋಲೋದಲ್ಲಿ ಕೇಳಿದರೆ ಬಡಕಲಾಗಿ ಕೇಳುತ್ತದೆ, ಹಾಡಿನೊಳಗೆ ಸರಿಯಾಗಿರುತ್ತದೆ.

ಅಕೌಸ್ಟಿಕ್ ಗಿಟಾರಿನ ಬುರುಡೆಯ ಗಾಳಿ 100 ಹರ್ಟ್ಸ್ ಆಸುಪಾಸಿನಲ್ಲಿ ಗುಯ್ಗುಟ್ಟುತ್ತದೆ. ಗಿಟಾರ್ ಒಂದೇ ಇರುವ ಚರಣದಲ್ಲಿ ಅದು ಹಿತ. ತಬಲಾ, ಬೇಸ್ ಸೇರಿದ ಮೇಲೆ ಕೆಸರು. ಹೈಪಾಸ್ ಅನ್ನು ಆಟೋಮೇಷನ್‌ನಿಂದ (ಹಾಡು ಓಡುತ್ತಿದ್ದಂತೆ ಸೆಟ್ಟಿಂಗ್ ತಾನಾಗಿ ಬದಲಾಗುವ ಸೌಲಭ್ಯ) ಚರಣದಲ್ಲಿ 90, ಪಲ್ಲವಿಯಲ್ಲಿ 140 ಮಾಡಿ.

ಕೊಳಲಿಗೆ ಕಡಿಮೆ ಕೆಲಸ. ಊದಿನ ಸದ್ದು ಹೆಚ್ಚಿದ್ದರೆ 6 ಕಿಲೋಹರ್ಟ್ಸ್‌ನಿಂದ ಶೆಲ್ಫ್ 2 ಡಿಬಿ ಇಳಿಸಿ. ಪೂರ್ತಿ ತೆಗೆದರೆ ಕೀಬೋರ್ಡಿನ ಕೊಳಲಿನಂತೆ ನಿರ್ಜೀವ. ತಾರ ಸ್ಥಾಯಿಯಲ್ಲಿ ಮಾತ್ರ ಚುಚ್ಚುತ್ತಿದ್ದರೆ ಮಾಮೂಲಿ ಇಕ್ಯೂ ಬೇಡ, ಡೈನಾಮಿಕ್ ಇಕ್ಯೂನಲ್ಲಿ 1.5ರಿಂದ 3 ಕಿಲೋಹರ್ಟ್ಸ್ ವ್ಯಾಪ್ತಿಗೆ ಒಂದು ಅಗಲ ಬ್ಯಾಂಡ್ ಇಡಿ. ಕೊಳಲು ಮತ್ತು ಗಾಯನ ಒಟ್ಟಿಗೆ ಬರುವುದು ಕಡಿಮೆ, ಸಾಮಾನ್ಯವಾಗಿ ಒಂದು ನಿಂತ ಮೇಲೆ ಇನ್ನೊಂದು. ಹಾಗಿದ್ದಲ್ಲಿ ಕೊಳಲಿನಿಂದ ಗಾಯನಕ್ಕೆ ಜಾಗ ಬಿಡಿಸುವ ಅಗತ್ಯವೇ ಇಲ್ಲ.

ತಂಬೂರಿ ಎಡೆಬಿಡದೆ ಓಡುವುದರಿಂದ ಅದರ ಜೀವಾಳಿಯ (ತಂತಿಯಡಿ ಝೇಂಕಾರಕ್ಕೆಂದು ಇಡುವ ನೂಲು) ಝೇಂಕಾರ ಸಕಾರಗಳ ಜೊತೆ ಸೇರಿ ಮೇಲ್ಭಾಗವನ್ನು ದಣಿಸುತ್ತದೆ. 5 ಕಿಲೋಹರ್ಟ್ಸ್‌ನಿಂದ ಶೆಲ್ಫ್ 3 ಡಿಬಿ ಇಳಿಸಿ.

ರಿವರ್ಬ್ ಚಾನೆಲ್‌ಗೂ ಇಕ್ಯೂ ಬೇಕು, ಇದನ್ನು ಮರೆಯುವವರೇ ಹೆಚ್ಚು. ರಿವರ್ಬ್‌ಗೆ ಹೋಗುವ ಮುಂಚೆ 300ರ ಹೈಪಾಸ್, 7 ಕಿಲೋಹರ್ಟ್ಸ್‌ನ ಲೋಪಾಸ್. ಟ್ರ್ಯಾಕ್‌ನಿಂದ ತೆಗೆದ ಕೆಸರೆಲ್ಲ ರಿವರ್ಬ್ ಬಾಗಿಲಿನಿಂದ ವಾಪಸ್ ಬರುವುದು ಇದರಿಂದ ನಿಲ್ಲುತ್ತದೆ.

ಹಂತ 7: ಪರೀಕ್ಷೆ

ಒಂದೊಂದೇ ಟ್ರ್ಯಾಕ್‌ನ ಇಕ್ಯೂ ಆಫ್ ಮಾಡಿ, ಆನ್ ಮಾಡಿ ಹೋಲಿಸಿ. ಆದರೆ ಜೋರಾಗಿರುವುದು ಯಾವಾಗಲೂ ಚೆನ್ನಾಗಿ ಕೇಳುತ್ತದೆ; 2 ಡಿಬಿ ಏರಿಸಿದ್ದರೆ ಇಕ್ಯೂನ ಔಟ್‌ಪುಟ್ ಇಳಿಸಿ ಎರಡೂ ಒಂದೇ ಮಟ್ಟಕ್ಕೆ ಬಂದ ಮೇಲೆ ತೀರ್ಪು ಕೊಡಿ. ಹೀಗೆ ಮಾಡಿದಾಗ ವ್ಯತ್ಯಾಸವೇ ಗೊತ್ತಾಗದ ಇಕ್ಯೂಗಳು ಒಂದೆರಡಾದರೂ ಸಿಗುತ್ತವೆ, ಅವನ್ನು ತೆಗೆದುಹಾಕಿ.

ವಾಲ್ಯೂಮ್ ಅನ್ನು ಪಕ್ಕದ ಕೋಣೆಯ ಮಾತಿಗಿಂತ ಸಣ್ಣಗೆ ಮಾಡಿ ಕೇಳಿ. ಸಣ್ಣಗಿದ್ದಾಗ ಕಿವಿ ತೀರಾ ಕೆಳಗಿನದನ್ನೂ ತೀರಾ ಮೇಲಿನದನ್ನೂ ಕಡಿಮೆ ಹಿಡಿಯುತ್ತದೆ, ಉಳಿಯುವುದು ನಡುವಿನ ಭಾಗ. ಆಗಲೂ ಸಾಹಿತ್ಯ ಕೇಳಿಸಿದರೆ ಹಂತ 4 ಮತ್ತು 6 ಸರಿಯಾಗಿವೆ. ಆಮೇಲೆ ಮೋನೋದಲ್ಲಿ, ಆಮೇಲೆ ಮೊಬೈಲ್‌ನಲ್ಲಿ, ಸಾಧ್ಯವಾದರೆ ಕಾರಿನಲ್ಲಿ. ಕಾರಿನಲ್ಲಿ ಮಾತ್ರ ಗುಮ್ಮೆಂದರೆ ಬೇಸ್ ಮತ್ತು ಡಗ್ಗಾ, ಮೊಬೈಲ್‌ನಲ್ಲಿ ಮಾತ್ರ ಚುಚ್ಚಿದರೆ ಗಾಯನದ 3 ಕಿಲೋಹರ್ಟ್ಸ್ ಮತ್ತು ತಬಲಾದ 'ನಾ', ಎಲ್ಲ ಕಡೆಯೂ ಮಂಕಾಗಿದ್ದರೆ 250ರಿಂದ 400ರ ನಡುವೆ ಗಿಟಾರ್, ಹಾರ್ಮೋನಿಯಂ, ಸ್ಟ್ರಿಂಗ್ಸ್ ಮೂರರಲ್ಲೂ ಒಂದೊಂದು ಡಿಬಿ.

ಮುಂದಿನ ಹಾಡಿಗೆ ಇದೇ ಸೆಟ್ಟಿಂಗ್‌ಗಳನ್ನು ಪ್ರಿಸೆಟ್ ಮಾಡಿ ಉಳಿಸಿಕೊಳ್ಳುವವರು ಹೆಸರಿನಲ್ಲಿ ಶ್ರುತಿಯನ್ನೂ ಬರೆದಿಡಿ. ಒಂದೂವರೆ ಮನೆಯ ಪ್ರಿಸೆಟ್ ಐದು ಮನೆಯ ಹಾಡಿಗೆ ಹೊಂದುವುದಿಲ್ಲ. ಗಾಯನದ ಹೈಪಾಸ್, ಲೋ ಶೆಲ್ಫ್, ಬೇಸ್‌ನ ಹಳ್ಳ, ಈ ಮೂರನ್ನಾದರೂ ಹೊಸ ಷಡ್ಜಕ್ಕೆ ಲೆಕ್ಕ ಹಾಕಿ ಬದಲಿಸಬೇಕು. ಮಾಸ್ಟರ್ ಚಾನೆಲ್‌ನಲ್ಲಿ ಇಕ್ಯೂ ಬೇಕೆನಿಸಿದರೆ ಒಂದು ಡಿಬಿಯವರೆಗೆ ಅಡ್ಡಿಯಿಲ್ಲ. ಅಲ್ಲಿ ಮೂರು ಡಿಬಿ ಬೇಕಾಗುತ್ತಿದೆ ಎಂದರೆ ಹಂತ 2ಕ್ಕೆ ಹಿಂತಿರುಗಿ ಫೇಡರ್‌ಗಳನ್ನು ಮತ್ತೆ ನೋಡಿ.